ಎದುರು ಪಕ್ಷದ ಜಮೀಲಾ ಆಂಟಿ

ಜಮೀಲಾ ಆಂಟಿಯ ಮಾತಿಗೆ ಹೂಂಗುಟ್ಟಿ ಪಾರಾಗುವುದು ಸಾಧ್ಯವೇ ಇರಲಿಲ್ಲ. ನೀವು ಒಪ್ಪಿದ ಕೂಡಲೇ ಅವರು ಪಕ್ಷ ಬದಲಿಸುತ್ತಿದ್ದರು. "ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಆಯ್ತೇನೋ" ಎಂದು ಅವರ ಯಜಮಾನರು ಸಲೀಂ ಅಂಕಲ್ ಮೆತ್ತಗೆ ಹೇಳಿದರೆ, "ಯಾವುದಕ್ಕಿಂತ ಜಾಸ್ತಿ? ನಿನ್ನೆ ಸಾರಿಗಿಂತಾನಾ, ನಿಮ್ಮಮ್ಮನ ಸಾರಿಗಿಂತಾನಾ? ಸಾಕ್ಷಿ ಏನಿದೆ?" ಎಂದು ಪಾಟೀಸವಾಲು ಶುರುವಾಗುತ್ತಿತ್ತು. ಪಾಪ, ಅಂಕಲ್ "ಇಲ್ಲ ಬಿಡು, ಸರಿಯಾಗಿದೆ" ಎಂದು ಹಿಂದೆ ಸರಿದರೆ, "ಅದ್ಹೇಗೆ ಸರಿಯಾಗಿದೆ? ಜಾಸ್ತೀನೇ ಆಗಿದೆ! ಆಡಿದ ಮಾತಿಗೆ ನಿಂತ್ಕೊಳ್ಳೋದು ಕಲೀರಿ" ಎಂದು ಅದಕ್ಕೂ ಬೈಗುಳ. ಅವರ ಮನೆಮಾತು ಉರ್ದು. ಆದರೆ ನಾವು ಹೋದಾಗ ಜಗಳವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು, ನಾವೂ ತೀರ್ಪು ಹೇಳಲಿ ಎಂದು.

ಮೈಸೂರಿನ ಕೋರ್ಟಿನಲ್ಲಿ ವರ್ಷಗಟ್ಟಲೆ ವಕೀಲಿಕೆ ಮಾಡಿದ ಹೆಂಗಸು. ಅಂಕಲ್ ತಮ್ಮ ಅಣ್ಣನ ವ್ಯಾಪಾರಕ್ಕೆ ಕೈಜೋಡಿಸಿದ್ದರಿಂದ ಅಮೆರಿಕಕ್ಕೆ, ಲಾಸ್ ಏಂಜಲೀಸಿನ ಹತ್ತಿರದ ವೆಸ್ಟ್ ಕೊವಿನಾಕ್ಕೆ ಬಂದು, ನಮ್ಮ ಎದುರು ಮನೆಯಲ್ಲಿ ನೆಲೆಸಿದ್ದರು. ಇಲ್ಲಿ ಕೋರ್ಟಿಗೆ ಹೋಗಬೇಕೆಂದರೆ ಮತ್ತೆ ಪರೀಕ್ಷೆ ಬರೆಯಬೇಕು. "ಒಂದ್ಸಲ ಸನ್ನದು ತಗೊಂಡವಳು ನಾನು. ದೇಶ ಬದಲಾದ್ರೆ ಬುದ್ಧಿ ಬದಲಾಗುತ್ತೇನಮ್ಮಾ?" ಎಂದು ಅದನ್ನು ಮುಂದೂಡುತ್ತಲೇ ಬಂದರು. ಹಾಗಾಗಿ ಅವರ ಊಟದ ಮೇಜೇ ಕೋರ್ಟಾಯಿತು, ನಾವೆಲ್ಲ ಕಕ್ಷಿದಾರರಾದೆವು.

ನಾನು ಆಗ ಲಾಸ್ ಏಂಜಲೀಸಿನಲ್ಲಿ ರಾಜ್ಯಶಾಸ್ತ್ರದ ಪದವಿಯ ಕೊನೆಯ ವರ್ಷದಲ್ಲಿದ್ದೆ. ಯುರೋಪಿನ ಕಾನೂನಿನ ಹುಚ್ಚು ಹತ್ತಿತ್ತು. ಔಷಧಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನಿಗೆ ನಾನು ಫಾರ್ಮಸಿ ಓದಬೇಕೆಂಬ ಆಸೆ. "ಎಂತ ಮಾಡುದು ಅದನ್ನು ಓದಿ? ನಾವು ಬಂದದ್ದು ಉಡುಪಿಯಿಂದ, ಇರುವುದು ಅಮೆರಿಕದಲ್ಲಿ. ಮಧ್ಯದಲ್ಲಿ ಈ ಯುರೋಪು ಎಲ್ಲಿಂದ ಬಂತು ಮಾರಾಯ್ತಿ?" ಎನ್ನುತ್ತಿದ್ದರು. ಆ ಪ್ರಶ್ನೆಯಲ್ಲಿ ನ್ಯಾಯ ಇರಲಿಲ್ಲವೆಂದು ನಾನು ಹೇಳಲಾರೆ. ಅಷ್ಟರಲ್ಲಿ, 2006ರಲ್ಲಿ, ಯುರೋಪಿನ ಕಾನೂನು ಮತ್ತು ರಾಜಕೀಯದ ಮೇಲೆ ವಿದ್ಯಾರ್ಥಿಗಳು ಮಾಡಿದ ಸಂಶೋಧನೆಗೆ ಕೊಡುವ ಬಹುಮಾನವೊಂದರ ಕೊನೆಯ ಸುತ್ತಿಗೆ ನನ್ನ ಪ್ರಬಂಧ ಆಯ್ಕೆಯಾಯಿತು. ಸ್ಯಾನ್ ಡಿಯಾಗೋದಲ್ಲಿ ಸಭೆಯ ಮುಂದೆ ಅದನ್ನು ಮಂಡಿಸಬೇಕಿತ್ತು. ಆಂಟಿ ನಮ್ಮ ಮನೆಗೆ ಬಂದು ಅಪ್ಪನನ್ನೂ ನನ್ನನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಿದರು: ಬಹುಮಾನ ಬಂದರೆ ಓದು ಮುಂದುವರಿಯುತ್ತದೆ, ಬರದಿದ್ದರೆ ಫಾರ್ಮಸಿಗೆ ಅಪ್ಲೈ ಮಾಡಬೇಕು.

ನನ್ನ ಪ್ರಬಂಧದ ಪ್ರಶ್ನೆ ಸರಳ. ಒಂದು ದೇಶದ ಕಾನೂನು ಒಂದು ಹೇಳಿ, ಯುರೋಪಿನ ನ್ಯಾಯಾಲಯ ಇನ್ನೊಂದು ಹೇಳಿದರೆ ಯಾರ ಮಾತು ನಡೆಯಬೇಕು? ನಾನು ನ್ಯಾಯಾಲಯದ ಪರ. ಆಂಟಿ ತಯಾರಿ ಮಾಡಿಸಿದ್ದು ಮಾತ್ರ ತಿರುಗುಮುರುಗಾಗಿ. "ಎದುರಿನೋನ ಕೇಸನ್ನ ಅವನಿಗಿಂತ ಚೆನ್ನಾಗಿ ಹೇಳೋಕೆ ಬರ್ದೇ ಇದ್ರೆ, ನಿನ್ನ ಕೇಸು ನಿನಗೇ ಗೊತ್ತಿಲ್ಲ ಅಂತ ಅರ್ಥ ಕಣಮ್ಮಾ." ಮಾಲ್‌ನಲ್ಲಿ ಅವರ ಜೊತೆ ತಿರುಗುವಾಗಲೂ ನನ್ನ ಪ್ರಬಂಧವನ್ನು ನಾನೇ ಖಂಡಿಸಬೇಕಿತ್ತು. ಎಷ್ಟು ಚೆನ್ನಾಗಿ ಖಂಡಿಸಿದೆನೆಂದರೆ, ಒಂದು ದಿನ ನನ್ನ ವಾದದ ಮೇಲೆ ನನಗೇ ನಂಬಿಕೆ ಹೋಗಿ ಅವರ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಆಂಟಿ ಶಾವಿಗೆ ಪಾಯಸ ಬಡಿಸಿ, ತಿಂದು ಮುಗಿಯುವವರೆಗೆ ಕಾದು, "ಹೂಂ, ಈಗ ನಿನ್ನ ಕಡೆಯಿಂದ ಹೇಳು" ಎಂದರು.

ಸ್ಯಾನ್ ಡಿಯಾಗೋಗೆ ಅಪ್ಪ ಡ್ರೈವ್ ಮಾಡಿದರು. ಮುಂದಿನ ಸೀಟಿನಲ್ಲಿ ಆಂಟಿ, ಅಪ್ಪ ಹಿಡಿದ ಪ್ರತಿ ಲೇನಿಗೂ ಅವರ ಆಕ್ಷೇಪಣೆ. ವೇದಿಕೆ ಹತ್ತಿದವಳೇ ನಾನು ಅಭ್ಯಾಸಬಲದಿಂದ ಎದುರು ಪಕ್ಷದ ವಾದವನ್ನು ಹುರುಪಿನಿಂದ ಶುರು ಮಾಡಿದೆ. ತೀರ್ಪುಗಾರರಲ್ಲಿ ಹಿರಿಯರಾದ ಪ್ರೊಫೆಸರು, ಇದು ಬೇರೆ ಯಾರದೋ ಪ್ರಬಂಧವಿರಬೇಕೆಂದು ಕೈಯಲ್ಲಿದ್ದ ಪ್ರತಿಯನ್ನು ತಿರುಗಿಸಿ ಹೆಸರು ನೋಡಿದರು. ಹೇಗೋ ನನ್ನ ಪಕ್ಷಕ್ಕೆ ದಾಟಿ ಮುಗಿಸಿ, ಇನ್ನೇನು ಉಸಿರು ಬಿಡಬೇಕು, ಸಭಿಕರ ನಡುವಿನಿಂದ ಪ್ರಶ್ನೆಗೆ ಒಂದು ಕೈ ಮೇಲೆದ್ದಿತು. ಜಮೀಲಾ ಆಂಟಿ!

ಅವರು ನಿಂತು, ಸೆರಗು ಸರಿಮಾಡಿಕೊಂಡು, ಕೋರ್ಟಿನ ಇಂಗ್ಲಿಷಿನಲ್ಲಿ ಕೇಳಿದರು. ಈ ನ್ಯಾಯಾಲಯಕ್ಕೆ ಪೊಲೀಸರಿಲ್ಲ, ಸೈನ್ಯವಿಲ್ಲ. ನಾಳೆ ಯಾವುದಾದರೂ ದೇಶ ಹೋಗಯ್ಯಾ ಎಂದರೆ ಅದರ ಬಲವೇನು? ಅಷ್ಟು ದಿನದ ತಯಾರಿಯಲ್ಲಿ ಈ ಪ್ರಶ್ನೆಯನ್ನು ಅವರು ಒಮ್ಮೆಯೂ ಎತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಅವರನ್ನು ದಿಟ್ಟಿಸಿ ನೋಡಿದೆ. ಕಪ್ಪು ಕೋಟು ತೊಟ್ಟು ಮೈಸೂರಿನ ಕೋರ್ಟಿನ ಮೆಟ್ಟಿಲು ಹತ್ತುವ ಹೆಂಗಸು ಕಣ್ಣ ಮುಂದೆ ಬಂದಳು, ಉತ್ತರವೂ ಬಂತು.

ಅದರ ಬಲ ಊರೂರಿನ ಸಣ್ಣ ಕೋರ್ಟುಗಳಲ್ಲಿದೆ ಎಂದೆ. ಇಟಲಿಯ ಒಬ್ಬ ವಕೀಲ ಕರೆಂಟ್ ಬಿಲ್ಲಿನ ತಕರಾರನ್ನು ತನ್ನೂರಿನ ಸಣ್ಣ ಕೋರ್ಟಿನ ನ್ಯಾಯಾಧೀಶರ ಮುಂದಿಟ್ಟ. ಅವರು ಅದನ್ನು ಯುರೋಪಿನ ನ್ಯಾಯಾಲಯಕ್ಕೆ ಕಳಿಸಿದರು, ಅಲ್ಲಿಂದ, ದೇಶದ ಕಾನೂನಿಗಿಂತ ಯುರೋಪಿನದೇ ಮೇಲು ಎಂಬ ನಿಯಮ ಹುಟ್ಟಿತು. "ಪೊಲೀಸರು ಬೇಕಿಲ್ಲ ಮೇಡಂ. ಸುಮ್ಮನಿರಲು ಒಪ್ಪದ ವಕೀಲರು ಊರಿಗೊಬ್ಬರಿದ್ದರೆ ಸಾಕು." ಹಿರಿಯ ಪ್ರೊಫೆಸರು ಪ್ರತಿಯನ್ನು ಕೆಳಗಿಟ್ಟು ಮೊದಲು ಚಪ್ಪಾಳೆ ತಟ್ಟಿದರು.

ಬಹುಮಾನ ನನಗೇ ಬಂತು. ಹೆಸರು ಕೂಗಿದಾಗ ಆಂಟಿ ಮೈಸೂರಿಗೇ ಕೇಳುವಷ್ಟು ಜೋರಾಗಿ "ಶಾಬಾಶ್!" ಎಂದರು. ನನಗೆ ಅಷ್ಟು ಖುಷಿ ಅದುವರೆಗೆ ಎಂದೂ ಆಗಿರಲಿಲ್ಲ. ಆದರೂ ಅಪ್ಪ ಕಾರು ತರಲು ಹೋದಾಗ ಆಂಟಿಯನ್ನು ಹಿಡಿದುಕೊಂಡೆ.

"ಯಾಕೆ ಕೇಳಿದ್ರಿ ಆಂಟಿ ಅದನ್ನ? ನಾನು ಸೋತಿದ್ರೆ?"

"ಸೋತಿದ್ರೆ ಸೋಲ್ತಿದ್ದೆ. ಬಹುಮಾನ ಬಂತು ಅಂತ ನಿಮ್ಮಪ್ಪ ಒಂದ್ ವರ್ಷ ಸುಮ್ನಿರ್ತಾರೆ, ಆಮೇಲೆ ಮತ್ತೆ ಫಾರ್ಮಸಿ ಅಂತಾರೆ. ಮಗಳು ಅಷ್ಟು ಜನರ ಮುಂದೆ ನಿಂತು ಜವಾಬು ಕೊಡೋದನ್ನ ಅವರು ಕಣ್ಣಾರೆ ನೋಡ್ಬೇಕಿತ್ತು. ನೋಡಿದ್ರು. ಇನ್ನು ನಿನ್ನ ತಂಟೆಗೆ ಬರಲ್ಲ, ಹೋಗು."

ನಿಜಕ್ಕೂ ಬರಲಿಲ್ಲ. ಪಿಎಚ್‌ಡಿಗೆ ಸೇರಿದೆ. 2008ರಲ್ಲಿ ಅಂಕಲ್ ಆಂಟಿ ಮೈಸೂರಿಗೇ ಮರಳಿದರು. ಆಂಟಿ ಮತ್ತೆ ಕೋರ್ಟಿಗೆ ಹೋಗುವವರಿದ್ದರು, ಆ ಸಂಭ್ರಮದಲ್ಲಿ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಏರ್‌ಪೋರ್ಟಿನಲ್ಲಿ ನನ್ನ ತಲೆ ಸವರಿ, ಸೂಟ್‌ಕೇಸಿನ ತೂಕದ ಬಗ್ಗೆ ಕೌಂಟರಿನವಳೊಡನೆ ವಾದಕ್ಕಿಳಿದು, ಗೆದ್ದು, ಒಳಗೆ ಹೋದರು. ಅದೇ ಕೊನೆಯ ಭೇಟಿ.

ವಾಪಸ್ ಬರುವಾಗ ನಾನು ಅಳುತ್ತಿದ್ದೆ. ಅಪ್ಪ ಡ್ರೈವ್ ಮಾಡುತ್ತಿದ್ದರು. ಮನೆ ಹತ್ತಿರ ಬಂದಾಗ ಅವರೇ ಮಾತು ತೆಗೆದರು.

"ನಿನ್ನ ಪಿಎಚ್‌ಡಿಯ ಎರಡನೇ ಅಧ್ಯಾಯ ಓದಿದೆ. ಮೇಜಿನ ಮೇಲೆ ಇತ್ತಲ್ಲ, ಅದು."

ನಾನು ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದೆ.

"ಅದರಲ್ಲಿ ನೀನು ಹೇಳಿದ್ದು ನನಗೆ ಅಷ್ಟು ಸರಿ ಕಾಣುವುದಿಲ್ಲ" ಎಂದರು ಅಪ್ಪ. "ಹೂಂ, ಈಗ ನಿನ್ನ ಕಡೆಯಿಂದ ಹೇಳು."