ಶನಿವಾರದ ಮನೆ

ನಮ್ಮ ಯಜಮಾನರು ಶೇಷಗಿರಿ ಮಾಸ್ತರರು ಪೇಪರ್ ಓದಿದರೆ ಓಣಿಗೆಲ್ಲ ಕೇಳಬೇಕು. ಮಾನ್ವಿಯ ಹೈಸ್ಕೂಲಿನಿಂದ ನಿವೃತ್ತರಾದರು, ಗಂಟಲು ಮಾತ್ರ ಆಗಿರಲಿಲ್ಲ. ಬರ್ಮಾದಿಂದ ಓಡಿಬಂದವರ ದೋಣಿಯನ್ನು ಒಂದು ದೇಶ ಇನ್ನೊಂದರ ಕಡೆ ತಳ್ಳಿತೆಂಬ ಸುದ್ದಿ ಬಂದರೆ ಸಾಕು, "ನಾಚಿಗಿ ಇಲ್ಲೇನ್ ಇವಕ್ಕ! ನೆರಿಹೊರಿಯವರು ಹಂಚ್ಕೊಂಡ್ರ ಯಾರಿಗೆ ಭಾರ ಆಗ್ತದ?" ಎಂದು ನನ್ನ ಮೇಲೆ ಕೂಗಾಡುವರು, ದೋಣಿ ತಳ್ಳಿದವಳು ನಾನೇ ಎಂಬ ಹಾಗೆ.

ಹೋದ ವರ್ಷ ಅಂಥವರೇ ನಮ್ಮ ಓಣಿಗೆ ಬಂದರು. ಸೆನೋವಾರಾ ಎಂಬ ಹೆಂಗಸು, ಜೊತೆಗೆ ಪುಟ್ಟ ಮಗಳು ರುಬಿನಾ. ಗಂಡ ಸಮುದ್ರದ ಪಾಲಾಗಿದ್ದ. ರಾಯಚೂರಿನವರು ಬಾಡಿಗೆಗೆ ಮನೆ ಕೊಡದೆ ದೇವದುರ್ಗಕ್ಕೆ ಕಳಿಸಿದ್ದರು, ದೇವದುರ್ಗದವರು ಮಾನ್ವಿಯ ಬಸ್ಸು ಹತ್ತಿಸಿದ್ದರು. ಬಟ್ಟೆ ಅಂಗಡಿಯ ಮಹಮ್ಮದ್ ಹುಸೇನ್ ಗೋದಾಮಿನ ಪಕ್ಕದ ಕೋಣೆ ಬಿಟ್ಟುಕೊಟ್ಟ. ಸ್ವಲ್ಪ ದಿನಕ್ಕೇ ನಮ್ಮ ಕಟ್ಟೆಗೆ ಬಂದು ಕುಳಿತು, "ಮಾಸ್ತರ್, ನಾವೊಬ್ರೇ ಎಷ್ಟಂತ ಹೊರೂದ್ರೀ?" ಎಂದ.

ನಮ್ಮವರ ಮುಖ ಅರಳಿತು. "ವಾರ ಹಚ್ಚೋಣು!" ಎಂದರು. ಅವರು ಓದಿದ್ದೇ ವಾರಾನ್ನದಲ್ಲಿ. ರಾಯಚೂರಿನಲ್ಲಿ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಬೆಳೆದ ಬಡ ಹುಡುಗ. ಓಣಿಯ ಏಳು ಮನೆಯವರನ್ನು ಒಪ್ಪಿಸಿದರು. ಊಟವೋ ಔಷಧಿಯೋ, ಏನು ಬಂದರೂ ಆ ದಿನದ ಮನೆಯದೇ ಹೊಣೆ. ಶುಕ್ರವಾರ ಗಡಿಗೆಪ್ಪನದು, ಶನಿವಾರ ನಮ್ಮದು, ಭಾನುವಾರ ಹುಸೇನನ ಹೆಂಡತಿ ಹೀರಾಬಿಯದು. "ಆ ದಿನದ ಮನಿ ಬಿಟ್ಟು ಬ್ಯಾರೆ ಬಾಗಲಾ ಬಡೀಬ್ಯಾಡವಾ. ಯಾರಿಗೂ ಎರಡು ಸಲ ತ್ರಾಸ ಆಗಬಾರ್ದು" ಎಂದು ಆಕೆಗೆ ಬಿಡಿಸಿ ಹೇಳಿದರು. ಏನು ಬೀಗಿದರೋ! ದೇಶಗಳು ಮಾಡಲಾಗದ್ದನ್ನು ನಮ್ಮ ಓಣಿ ಮಾಡಿತೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಒಂದು ಶನಿವಾರ ಏಕಾದಶಿ ಬಿತ್ತು. ನಮ್ಮಲ್ಲಿ ಅಂದು ಉಪವಾಸ, ಒಲೆ ಹಚ್ಚುವುದಿಲ್ಲ. "ಆ ತಾಯಿ-ಮಗಳಿಗೆ ಏನ್ ಮಾಡೋದ್ರೀ?" ಎಂದು ಕೇಳಿದೆ. ಜಪದಲ್ಲಿದ್ದವರು, "ಏಕಾದಶಿ ಅಂತ ಎಲ್ಲಾರಿಗೂ ಗೊತ್ತದ. ಹೀರಾಬಿ ನೋಡ್ಕೋತಾಳ" ಎಂದರು. ಹೀರಾಬಿಗೆ ಏಕಾದಶಿಯ ಲೆಕ್ಕ ಯಾರು ಹೇಳಿದ್ದರು? ನಾನೂ ಸುಮ್ಮನಾದೆ. ಮನೆಗೆ ಕೀಲಿ ಹಾಕಿ ಇಬ್ಬರೂ ಮಠಕ್ಕೆ ಹೋದೆವು, ಭಜನೆ ಮುಗಿಸಿ ಬರುವಾಗ ಸರಿರಾತ್ರಿ.

ಕೂಸಿಗೆ ಶುಕ್ರವಾರ ಸಂಜೆಯೇ ಜ್ವರ ಬಂದಿತ್ತು. ನಾಳೆ ಮಾಸ್ತರರ ದಿನ, ಓದಿದವರು, ದವಾಖಾನೆಗೆ ಅವರೇ ಒಯ್ಯಲಿ ಎಂದು ಗಡಿಗೆಪ್ಪ ಸುಮ್ಮನಿದ್ದ. ಶನಿವಾರ ಸೆನೋವಾರಾ ಮಗಳನ್ನು ಹೊತ್ತು ನಮ್ಮ ಬಾಗಿಲಿಗೆ ಬಂದಳಂತೆ. ಕೀಲಿ ನೋಡಿದಳು. ಬೇರೆ ಬಾಗಿಲು ಬಡಿಯಬೇಡ ಎಂದಿದ್ದೆವಲ್ಲ, ಹಾಗೇ ತಿರುಗಿ ಹೋದಳು.

ಭಾನುವಾರ ಬೆಳಿಗ್ಗೆ ಪಾರಣೆಗೆ ನಮ್ಮವರು ಎಲೆಯ ಮುಂದೆ ಕುಳಿತಿದ್ದರು. ಹೀರಾಬಿ ಅಂಗಳದಲ್ಲಿ ನಿಂತು ಚೀರಿದಳು: "ಮಾಸ್ತರ್! ಕೂಸು ಸೆಟೆದು ಬಿದ್ದೈತಿ! ನಿನ್ನಿ ನಿಮ್ಮ ದಿನ ಇತ್ತಲ್ರೀ!"

ರಾಯಚೂರಿಗೆ ಒಯ್ದೆವು. ಮೆದುಳು ಜ್ವರ. ಜೀವ ಉಳಿಯಿತು, ಕಿವಿ ಎರಡೂ ಹೋದವು. "ಒಂದು ದಿನ ಮೊದಲು ತಂದಿದ್ದರೆ..." ಎಂದರು ಡಾಕ್ಟರು.

ಓಣಿಯಲ್ಲಿ ಒಬ್ಬರೂ ನಮ್ಮವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೇಪರ್ ಮಡಿಸಿದ್ದು ಮಡಿಸಿದಂತೆಯೇ ಬಿದ್ದಿರುತ್ತಿತ್ತು. ಒಂದು ದಿನ ಊಟ ಬಿಟ್ಟು ಅತ್ತರು. "ಸಣ್ಣಾಂವ ಇದ್ದಾಗ ವಾರದ ಮನ್ಯಾಗ ಸೂತಕ ಬಂದ್ರ ನಾ ನೀರು ಕುಡದು ಮಲಗ್ತಿದ್ದೆ, ಅಹಲ್ಯಾ. ಉಂಡಿಯೇನೋ ಅಂತ ಬ್ಯಾರೆ ಮನಿಯವರು ಕೇಳ್ತಿರ್ಲಿಲ್ಲ. ಗೊತ್ತಿದ್ದೂ ಮರ್ತೆ. ಪಾಪಿ ನಾನು."

"ಹೌದ್ರಿ," ಎಂದೆ. "ನಾನೂ."

ಮರುದಿನ ಹಾಲಿನ ಗಿಂಡಿ ಹಿಡಿದು ಇಬ್ಬರೂ ಹೋದೆವು. ರುಬಿನಾ ನಮಗೆ ಬೆನ್ನು ಮಾಡಿ ಆಡುತ್ತಿದ್ದಳು. ಆ ದೊಡ್ಡ ಗಂಟಲಿನಲ್ಲಿ ನಮ್ಮವರು ಎರಡು ಸಲ ಹೆಸರು ಕರೆದರು. ಹುಡುಗಿ ತಿರುಗಲಿಲ್ಲ. ಸೆನೋವಾರಾ ಗಾಬರಿಯಿಂದ ಎದ್ದು ಬಂದಳು. ನಿಯಮ ತಪ್ಪಿದರೆ ಇಲ್ಲಿಂದಲೂ ಹೊರಗೆ ಹಾಕುತ್ತಾರೆಂದು ಹೆದರಿದ್ದಳು ಪಾಪ. ಗಿಂಡಿ ಮುಟ್ಟದೆ, ಓಣಿಯಲ್ಲಿ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು:

"ಇವತ್ತು ಮಂಗಳವಾರ ಅದ, ಮಾಸ್ತರ್ರೀ. ನಿಮ್ದು ಶನಿವಾರ."