ದೊಡ್ಡಪ್ಪನ ಗಿರಣಿಗೆ ನನ್ನ ಮೂಗು

ದೊಡ್ಡಪ್ಪನ ಹುಬ್ಬು ವಯಸ್ಸಿಗೆ ನರೆತದ್ದು ಯಾವಾಗ ಎಂದು ನಮಗಾರಿಗೂ ತಿಳಿಯಲೇ ಇಲ್ಲ. ಹಿಟ್ಟು ಕೂತು ಕೂತು ಅದು ಮೊದಲಿನಿಂದಲೂ ಬಿಳಿಯೇ. ಲಿಂಗರಾಜಪುರದ ಅವರ ಹಿಟ್ಟಿನ ಗಿರಣಿಯಲ್ಲಿ ಇದ್ದದ್ದು ಒಂದೇ ಯಂತ್ರ. ಹಾಗಾಗಿ ಮೆಣಸಿನಕಾಯಿಗೆ ಶನಿವಾರ ಮಧ್ಯಾಹ್ನ ಮಾತ್ರ. ಅದು ಮುಗಿದ ಮೇಲೆ ನುಚ್ಚಕ್ಕಿ ಓಡಿಸಿ, ಬಿದ್ದ ಹಿಟ್ಟನ್ನು ಮೂಸಿ ನೋಡುತ್ತಿದ್ದರು. ವಾಸನೆ ಪೂರ್ತಿ ಹೋಗದೆ ಮುಂದಿನವರ ಕಾಳು ಮುಟ್ಟುತ್ತಿರಲಿಲ್ಲ. ಯಾರಾದರೂ ಗೊಣಗಿದರೆ, "ಮನೇಲಿ ಬೈಸ್ಕೊಳ್ಳೋದಕ್ಕಿಂತ ಇಲ್ಲಿ ಕಾಯೋದು ವಾಸಿ ಕಣ್ರೀ" ಎನ್ನುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಮುಂದೆ ಗಿರಣಿ ಯಾರಿಗೆ ಎಂಬ ಮಾತು ಬಂದಾಗಲೆಲ್ಲ ಮನೆಯವರ ಕಣ್ಣು ನನ್ನ ಮೇಲೆ. ನನಗೋ ಮೈ ಉರಿಯುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡವಳು ನಾನು; ಇಂದಿರಾನಗರದಲ್ಲಿ ಆಗಲೇ ಮೂರು ಶೋರೂಮಿನ ಕೆಲಸ ಬಿಟ್ಟು ನಾಲ್ಕನೆಯದು ಹುಡುಕುತ್ತಿದ್ದೆ. ದೊಡ್ಡಪ್ಪ ಮಾತ್ರ, "ಈ ಧೂಳು ನನ್ನ ಎದೆಗೇ ಸಾಕು. ನೀನು ಹೋಗಮ್ಮ" ಎನ್ನುತ್ತಿದ್ದರು.

ಒಂದು ಶನಿವಾರ ಸಂಜೆ ನಾನು ಅಲ್ಲಿದ್ದಾಗ ಪಕ್ಕದ ಬೀದಿಯ ಅಜ್ಜಿಯೊಬ್ಬರು ಡಬ್ಬ ಹಿಡಿದು ಓಡಿಬಂದರು. ಆಗಷ್ಟೇ, ಮೆಣಸಿನಕಾಯಿ ಸರದಿ ಮುಗಿದ ಮೇಲೆ, ಮೊಮ್ಮಗುವಿಗೆಂದು ಬೀಸಿಸಿಕೊಂಡು ಹೋದ ರಾಗಿ.

"ಏನಣ್ಣಾ ಇದು? ಒಂದು ಚಮಚ ಬಾಯಿಗಿಟ್ಟಿದ್ದೇ ತಡ, ಮಗು ಕಿರುಚ್ಕೊಂತು!"

ಮುಚ್ಚಳ ತೆಗೆದ ಕೂಡಲೇ ಮೆಣಸಿನಕಾಯಿ ವಾಸನೆ ನನ್ನ ಮೂಗಿಗೆ ಬಡಿಯಿತು. ದೊಡ್ಡಪ್ಪನೂ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು: "ವಾಸನೆ ಬರ್ತಿದ್ಯಾ?"

ಸ್ವಲ್ಪ ದಿನದ ಹಿಂದೆ ಜ್ವರ ಬಂದು ಹೋದಾಗಿನಿಂದ ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲವಂತೆ. ಯಾರಿಗೂ ಹೇಳಿರಲಿಲ್ಲ. ಅಜ್ಜಿಯ ಹಿಂದೆಯೇ ಅವರ ಮನೆಗೆ ಹೋಗಿ, ಮಗು ಹಾಲು ಕುಡಿದು ಸುಮ್ಮನಾಗುವವರೆಗೆ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. ವಾಪಸು ಬಂದವರೇ, "ಸಾಕು. ಇನ್ನು ಬೀಸಲ್ಲ" ಎಂದರು. ಅವರನ್ನು ಹಾಗೆ ಕಂಡು ನನಗೆ ಅಳು ಬಂತು.

"ಮೂಸೋದು ತಾನೇ? ನಾನು ಮೂಸ್ತೀನಿ ಬಿಡಿ" ಎಂದೆ.

"ಒಂದು ವಾರ. ಆಮೇಲೆ ನಿನ್ನ ದಾರಿ ನೀನು ನೋಡ್ಕೋಬೇಕು."

ಆ ವಾರ ನಾಲ್ಕು ವರ್ಷವಾಯಿತು. ಹೋದ ವರ್ಷ ಅವರು ತೀರಿಕೊಂಡರು. ಗಿರಣಿ ನೋಡಿಕೋ ಎಂದು ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಓಡಿಹೋಗುತ್ತಿದ್ದೆ. ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಬಾಗಿಲು ಹಾಕಿ ಎಲ್ಲಿಗಾದರೂ ಹೊರಟುಬಿಡೋಣ ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ. ಅಷ್ಟರಲ್ಲಿ ಯಾರೋ ಚೀಲ ಮುಂದಿಟ್ಟು ಕೇಳುತ್ತಾರೆ: "ಮಗೂಗೆ ಕಣಮ್ಮ. ಈಗ ಬೀಸಬಹುದಾ?"

ನಾನು ಬಗ್ಗಿ ಮೂಸುತ್ತೇನೆ. ನನ್ನ ಒಂದು ಮಾತು ನಂಬಿ ಮಗುವಿನ ಬಾಯಿಗೆ ತುತ್ತಿಡುವವರು ಬೇರೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿರಲಿಲ್ಲ.