ಜವರಪ್ಪನವರ ಬಾಯಿಯ ಅಚ್ಚು

೧೯೯೭ರಲ್ಲಿ ನಾನು ಪಿರಿಯಾಪಟ್ಟಣದಲ್ಲಿ ಒಂದೇ ಕೋಣೆಯ ದಂತ ಕ್ಲಿನಿಕ್ ನಡೆಸುತ್ತಿದ್ದೆ. ಹಲ್ಲು ಕೀಳಿಸಲು ಬರುವವರೇ ಹೆಚ್ಚು, ಕಟ್ಟಿಸಿಕೊಳ್ಳುವವರು ಅಪರೂಪ.

ಆ ಚಳಿಗಾಲದಲ್ಲಿ ರಾವಂದೂರು ಕಡೆಯ ಜವರಪ್ಪ ಎಂಬ ಹಿರಿಯರು ಹೆಂಡತಿ ಸಾಕಮ್ಮನ ಜೊತೆ ಬಂದರು. ತುರ್ತು ಪರಿಸ್ಥಿತಿಯಲ್ಲಿ ಸಂತೆ ಸಂತೆಗೂ ಹೋಗಿ, ಸರ್ಕಾರದ ವಿರುದ್ಧ ಪದ ಕಟ್ಟಿ ಹಾಡಿ ಜೈಲು ಕಂಡವರು. ಮುಂದಿನ ಹಲ್ಲುಗಳು ಲಾಕಪ್ಪಿನಲ್ಲಿ ಹೋದವು, ಉಳಿದವು ವಯಸ್ಸಿಗೆ ಉದುರಿದವು. ಹಾಡಲು ಬಾಯಿ ತೆರೆದರೆ ಬರೀ ಗಾಳಿ.

"ಪದ ಎಲ್ಲಾ ಒಳಗೇ ಕೂತವೆ ಡಾಕ್ಟ್ರೇ, ಈಚೆಗೆ ಬರಕ್ಕೆ ದಾರಿ ಇಲ್ಲ. ಸಾಯೋ ಮುಂಚೆ ಒಂದ್ಸಲ ಹಾಡ್ಬೇಕು," ಎಂದರು.

ಹಲ್ಲಿನ ಸೆಟ್ ಮಾಡಲು ಮೊದಲು ವಸಡಿನ ಅಚ್ಚು ತೆಗೆಯಬೇಕು. ಟ್ರೇಯಲ್ಲಿ ಮೆತ್ತನೆಯ ಪೇಸ್ಟ್ ತುಂಬಿ, ಬಾಯೊಳಗೆ ಒತ್ತಿ, ಗಟ್ಟಿಯಾಗುವವರೆಗೆ ಹಿಡಿದಿರಬೇಕು. ಮಾತಾಡುವಂತಿಲ್ಲ, ಉಸಿರಾಟ ಮೂಗಿನಲ್ಲೇ. 'ಒಂದೇ ನಿಮಿಷ' ಎನ್ನುವುದು ನಮ್ಮ ಹಲ್ಲಿನ ಡಾಕ್ಟರುಗಳ ಬಾಯಿಪಾಠ. ನಾನೂ ಅದನ್ನೇ ಹೇಳಿ ಒತ್ತಿದ್ದೇ ತಡ, ಜವರಪ್ಪ ಕಾಲು ಬಡಿಯುತ್ತಾ ನನ್ನ ಕೈಯನ್ನು ತಳ್ಳಿ ಟ್ರೇಯನ್ನು ಕಿತ್ತೆಸೆದರು. ಎರಡನೇ ಸಲವೂ ಅದೇ. ಅವರ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

ಸಾಕಮ್ಮ ನನ್ನನ್ನು ಬಾಗಿಲ ಬಳಿ ಕರೆದರು. "ಪದ ಹೇಳ್ಬಾರ್ದು ಅಂತ ಪೋಲೀಸ್ನೋರು ಬಾಯ್ಗೆ ಬಟ್ಟೆ ತುರುಕಿ ಹೊಡುದ್ರು ಕಣಪ್ಪಾ. ಇವತ್ಗೂ ಮೊಖದ ಮ್ಯಾಲೆ ಕಂಬ್ಳಿ ಹೊದಿಯಕಿಲ್ಲ."

ಅಚ್ಚಿಲ್ಲದೆ ಹಲ್ಲು ಕಟ್ಟುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಕೊನೆಗೆ ಟ್ರೇಯನ್ನು ಬಾಯೊಳಗೆ ಕೂರಿಸಿ, ಅದರ ಹಿಡಿಯನ್ನು ಅವರ ಕೈಗೇ ಕೊಟ್ಟೆ.

"ನೀವೇ ಹಿಡ್ಕೊಳ್ಳಿ. ಸಾಕು ಅನ್ನಿಸಿದ ತಕ್ಷಣ ಎಳೆದುಬಿಡಿ. ನಾನು ಮುಟ್ಟಲ್ಲ."

ಕೂಡಲೇ ಎಳೆದುಬಿಟ್ಟರು! ನನ್ನ ಮುಖವನ್ನೇ ನೋಡಿದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದರು, ಮಹಾರಾಯರು. ನಾನು ಮತ್ತೆ ಪೇಸ್ಟ್ ಕಲಸಿದೆ. ಈ ಸಲ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗಟ್ಟಿಯಾಗುವವರೆಗೆ ಹಿಡಿದೇ ಕೂತರು.

ಸೆಟ್ ತೊಡಿಸಿದ ದಿನ, ಹೊಸ ಹಲ್ಲಿಗೆ ಒಗ್ಗಲು ಕೆಲವು ವಾರ ಬೇಕು ಎಂದು ನಾನು ಹೇಳುವಷ್ಟರಲ್ಲೇ ಕುರ್ಚಿಯಿಂದಲೇ ದನಿ ಎತ್ತಿದರು: "ನೆಲ ನಮ್ದು, ನಾಲಗೆ ನಮ್ದು, ಬೀಗ ಯಾರ್ದೋ ಅಣ್ಣ?" ಅಲ್ಲಲ್ಲಿ ತೊದಲಿದರೂ ಬಿಡಲಿಲ್ಲ. ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಸಾಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹೊರಡುವಾಗ ಜವರಪ್ಪ ನನ್ನ ಕೈ ಹಿಡಿದುಕೊಂಡರು. "ಲಾಕಪ್ನಲ್ಲೂ ಸಾಕು ಅಂತ ಕೈ ಎತ್ತಿದ್ದೆ ಕಣ್ರೀ. ಒಬ್ರೂ ನಿಲ್ಲಿಸ್ಲಿಲ್ಲ."

ಆಮೇಲೆ ನಿವೃತ್ತಿಯಾಗುವವರೆಗೂ, ಬಾಯಿ ತೆರೆಯಿರಿ ಎನ್ನುವ ಮೊದಲು, ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಪ್ರತಿ ರೋಗಿಗೂ ಹೇಳುತ್ತಿದ್ದೆ. ಕೆಲಸ ಎಷ್ಟೇ ಅರ್ಧದಲ್ಲಿರಲಿ, ಕೈ ಮೇಲೆದ್ದರೆ ನಿಲ್ಲಿಸುತ್ತಿದ್ದೆ.